ಮೂಗು ಸೋರಿದ್ದಕ್ಕೆ ಊರೆಲ್ಲ ಸಮಾಧಾನ

ಕೆಲವರಿಗೆ ದಾರಿಯಲ್ಲಿ ಜಗಳ ತಾನಾಗಿ ಬಂದು ತಗಲಿಕೊಳ್ಳುತ್ತದೆ. ನನಗೆ ತಗಲಿಕೊಳ್ಳುವವರು ಸಮಾಧಾನ ಹೇಳುವವರು. ಕಾರಣ ನನ್ನ ಮೂಗು. ದಾವಣಗೆರೆಯಲ್ಲಿ ಮೂವತ್ತು ವರ್ಷದಿಂದ ಸೀರೆ ಅಂಗಡಿ ಇಟ್ಟಿದ್ದೇನೆ. ಹೇಳಿದ ರೇಟು ಇಳಿಸಿದವನಲ್ಲ, ಅತ್ತವನಂತೂ ಅಲ್ಲವೇ ಅಲ್ಲ. ಆದರೆ ಎರಡು ವರ್ಷದಿಂದ ನೆಗಡಿಯಿಲ್ಲ, ಜ್ವರವಿಲ್ಲ, ಮೂಗು ಮಾತ್ರ ಸುಮ್ಮನೆ ಸೋರುತ್ತದೆ. ಅಷ್ಟರಲ್ಲಿ ಹರಿಹರದ ಹುಡುಗನ ಜೊತೆ ಮಗಳ ಮದುವೆ ಗೊತ್ತಾಯಿತು. ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಅಪ್ಪಾ, ಹೆಣ್ಣೊಪ್ಪಿಸೋದನ್ನ ವಿಡಿಯೋ ತೆಗೀತಾರೆ. ಅಷ್ಟೊತ್ತಿಗೆ ಆ ನಲ್ಲಿ ಬಂದ್ ಆಗಿರ್ಬೇಕು."

ಎ.ಸಿ. ಕೊಟ್ಟ ಕಣ್ಣೀರು

ಅಂಗಡಿಗೆ ಎ.ಸಿ. ಹಾಕಿಸಿದ ಹೊಸತು. ಬಿಸಿಲಿನಿಂದ ಒಳಗೆ ಬಂದು ಕೂತೆ, ಮೂಗು ಶುರುವಾಯಿತು. ಎದುರಿಗೆ ಸಾರಥಿ ಹಳ್ಳಿಯಿಂದ ಮದುವೆ ಜವಳಿಗೆ ಬಂದ ಹೆಂಗಸು ರೇಷ್ಮೆ ಸೀರೆ ಹಿಡಿದು, "ಇನ್ನೊಂಚೂರು ಬಿಡ್ರಿ ಸಾವ್ಕಾರ್ರೇ" ಅನ್ನುವುದಕ್ಕೂ ನಾನು ಕರ್ಚೀಫು ತೆಗೆಯುವುದಕ್ಕೂ ಸರಿಹೋಯಿತು.

ಆಕೆ ಬೆಚ್ಚಿದಳು. "ಅಯ್ಯೋ, ಅಳಬ್ಯಾಡ್ರಿ! ನಿಮಗೂ ಹೆಂಡ್ರು ಮಕ್ಕಳು ಅದಾರೆ. ನೀವ್ ಹೇಳಿದ ರೇಟಿಗೇ ಕೊಡ್ರಿ."

ಮೂಗಿನಿಂದ ಲಾಭವೂ ಉಂಟಲ್ಲ ಅಂದುಕೊಂಡೆ. ಅಷ್ಟರಲ್ಲಿ ಆಕೆ ಹೊರಗೆ ಮೆಟ್ಟಿಲ ಮೇಲೆ ತನ್ನ ಕಡೆಯವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಅಂಗಡಿ ಮುಳುಗ್ತಾ ಐತೆ ಕಣ್ರೇ, ಸಾವ್ಕಾರ ಕೂತು ಅಳ್ತಾನೆ. ಉಳಿದ ಸೀರೆ ಈಗ್ಲೇ ತಗಳಾದು ಬ್ಯಾಡ. ಬಾಗ್ಲು ಹಾಕೋ ಮುಂಚೆ ಎಲ್ಲಾ ಅಗ್ಗಕ್ಕೆ ಹಾಕ್ತಾನೆ, ಆಗ ಬರಾಣ."

ಭಾಯಿಯ ಮದ್ದು

ಪಕ್ಕದ್ದು ಅತ್ತರಿನ ಅಂಗಡಿ. ಅಲ್ಲಿಯ ಭಾಯಿಗೆ ನನ್ನ ಮೇಲೆ ಬಲು ಪ್ರೀತಿ. ದಿನಾ ಬೆಳಿಗ್ಗೆ ನನ್ನ ಮಣಿಕಟ್ಟಿಗೆ ಅತ್ತರು ಸವರಿಯೇ ಅವರು ತಮ್ಮ ವ್ಯಾಪಾರ ಶುರುಮಾಡುವುದು. ಸವರಿದ ಎರಡೇ ನಿಮಿಷಕ್ಕೆ ನನ್ನ ಮೂಗಿನದೂ ಶುರು.

ಇತ್ತ ಮನೆಯಲ್ಲಿ ಹೆಂಡತಿ ಮೊಸರು ನಿಲ್ಲಿಸಿದಳು, ಬಾಳೆಹಣ್ಣು ನಿಲ್ಲಿಸಿದಳು, ತಲೆಗೆ ಸ್ನಾನ ನಿಲ್ಲಿಸಿದಳು. ಎಲ್ಲಾ ನಿಂತವು, ಮೂಗು ನಿಲ್ಲಲಿಲ್ಲ.

ಕೊನೆಗೆ ಭಾಯಿಗೆ ಕರುಣೆ ಬಂದು, ಒಳಗಿನಿಂದ ಇನ್ನೂ ಜೋರಾದ ಅತ್ತರು ತಂದು ಮೂಗಿಗೇ ಹಿಡಿದರು. "ಮೂಸ್ರಿ ಸೇಠ್, ಮೂಗು ಪೂರಾ ಖುಲ್ಲಾ ಆಗ್ತೈತೆ."

"ಖುಲ್ಲಾ ಆಗಿ ಎರಡು ವರ್ಷ ಆತು ಭಾಯಿ. ಮುಚ್ಚೋ ಮಾಲು ಇದ್ರೆ ತೋರ್ಸ್ರಿ."

ಯಾವುದಕ್ಕೂ ಇಲ್ಲ

ಮದುವೆ ಹತ್ತಿರ ಬಂತು. ಮಗಳು ಮೂಗಿನ ಡಾಕ್ಟರ ಹತ್ತಿರ ಎಳೆದೊಯ್ದಳು. ಅವರು ಅಲರ್ಜಿ ಪರೀಕ್ಷೆಗೆಂದು ಕೈಗೆ ಸಾಲಾಗಿ ಚುಚ್ಚಿ ನೋಡಿದರು. ಧೂಳು, ಹೂವಿನ ಪುಡಿ, ಜಿರಳೆ, ಬೆಕ್ಕು, ಒಂದಕ್ಕೂ ಚರ್ಮ ಊದಲಿಲ್ಲ.

"ನಿಮಗೆ ಯಾವ ಅಲರ್ಜಿನೂ ಇಲ್ಲ."

"ಅದು ನನಗೆ ಗೊತ್ತಾತು ಡಾಕ್ಟ್ರೇ, ಮೂಗಿಗೆ ಯಾಕ ಗೊತ್ತಾಗ್ತಿಲ್ಲ?"

"ಇದು ಬೇರೆ ತರ. ಬೆಕ್ಕು ಬಂದ್ರೂ ಕಳ್ಳ ಬಂದ ಅಂತ ಸೀಟಿ ಊದೋ ವಾಚ್‌ಮನ್ ಇರ್ತಾನಲ್ಲ, ಹಂಗೆ ನಿಮ್ಮ ಮೂಗಿನ ನರ. ತಣ್ಣನೆ ಗಾಳಿ, ಜೋರು ವಾಸನೆ, ಬಿಸಿ ಬಿಸಿ ಖಾರ, ಏನು ತಾಗಿದ್ರೂ ನೀರು ಬಿಡ್ತದೆ."

ಎ.ಸಿ., ಅತ್ತರು, ಸಂಜೆಯ ಮಿರ್ಚಿ ಮಂಡಕ್ಕಿ! ನಾನು ಹಣ್ಣು ಮೊಸರಿನ ಮೇಲೆ ಅನುಮಾನಪಟ್ಟು ಕೂತಿದ್ದೆ. ಔಷಧಿ ಅಂಗಡಿಯಿಂದ ನಾನೇ ತಂದ ಮೂಗಿನ ಹನಿ ತೋರಿಸಿದೆ. ಆರು ತಿಂಗಳಿಂದ ಹಾಕುತ್ತಿದ್ದೇನೆ, ಈಚೆಗೆ ರಾತ್ರಿ ಮೂಗು ಕಟ್ಟುವುದೂ ಶುರುವಾಗಿದೆ ಅಂದದ್ದಕ್ಕೆ ಡಾಕ್ಟರು ತಲೆ ಹಿಡಿದುಕೊಂಡರು.

"ಮೂರ್ನಾಲ್ಕು ದಿನಕ್ಕಿಂತ ಹೆಚ್ಚಿಗೆ ಹಾಕಬಾರದ್ರಿ ಇದನ್ನ. ಆಮೇಲೆ ಇದೇ ಮೂಗು ಕಟ್ಟಿಸ್ತದೆ."

ಅಂದರೆ ಸೋರುವುದು ತಾನಾಗಿ ಬಂದದ್ದು, ಕಟ್ಟುವುದು ನಾನೇ ಕೊಂಡು ತಂದದ್ದು. ಆ ಹನಿಯ ಚಟ ಬಿಡಿಸಿ, ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಮೂಗು ತೊಳೆಯುವುದನ್ನು ಕಲಿಸಿದರು. ನೀರು ನಿಲ್ಲಲು ಬೇರೆ ಸ್ಪ್ರೇ ಬರೆದರು.

"ಪೂರ್ತಿ ಹೋಗ್ತೈತಾ?"

"ಹತೋಟಿಗೆ ಬರ್ತದೆ."

"ಗ್ಯಾರಂಟಿ?"

"ನಿಮ್ಮ ಸೀರೆ ಬಣ್ಣಕ್ಕೆ ಕೊಡ್ತೀರಾ?"

ನಾನು ಔಷಧಿ ಚೀಟಿ ಮಡಚಿ ಜೇಬಿಗಿಟ್ಟು ಎದ್ದು ಬಂದೆ.

ಎರಡು ಸಲ ಒಪ್ಪಿಸಿದ್ದು

ಮದುವೆ ಹರಿಹರದಲ್ಲಿ. ಬೆಳಿಗ್ಗೆ ಮೂಗು ತೊಳೆದೆ, ಸ್ಪ್ರೇ ಹೊಡೆದೆ, ಮಿರ್ಚಿ ಮುಟ್ಟಲಿಲ್ಲ. ಮೂಗು ಮಧ್ಯಾಹ್ನದವರೆಗೂ ಒಣಗಿದ ಬಾವಿ.

ಕೊನೆಗೆ ಹೆಣ್ಣೊಪ್ಪಿಸುವ ಶಾಸ್ತ್ರ. ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು ನಾನು ಬಿಡಬೇಕು. ಇಟ್ಟೆ. ಬಿಡಲು ಬೆರಳು ಬಿಚ್ಚಲಿಲ್ಲ. ಏನಾಯಿತೆಂದು ನನಗೇ ತಿಳಿಯುವ ಮೊದಲು ಕಣ್ಣು ತುಂಬಿ ಹರಿಯಿತು.

"ಅಯ್ಯೋ, ಶುರುವಾತು!" ಎಂದಳು ಹೆಂಡತಿ. ಬೀಗರ ಕಡೆಯವರೊಬ್ಬರು ಓಡಿ ಕೂಲರ್ ಬಂದ್ ಮಾಡಿದರು. ಭಾಯಿ ತಮ್ಮ ಅತ್ತರಿನ ಶೀಷೆ ಜೇಬಿಗಿಳಿಸಿ ಮೂರು ಹೆಜ್ಜೆ ಹಿಂದೆ ಸರಿದರು.

"ಇದು ಮೂಗಲ್ಲ ಕಣೇ" ಎಂದೆ.

"ಹೌದೌದು, ತಲೆ ಮ್ಯಾಲೆ ಮಾಡ್ರಿ" ಎಂದು ಹೆಂಡತಿ ಸೊಂಟದಿಂದ ಸ್ಪ್ರೇ ತೆಗೆದು ಎರಡೂ ಹೊಳ್ಳೆಗೆ ಹೊಡೆದಳು. ವಿಡಿಯೋದವನು ಕೂಗಿದ: "ಸಾವ್ಕಾರ್ರ ಮೂಗು ನಿಲ್ಲಲಿ, ಇನ್ನೊಮ್ಮೆ ಒಪ್ಪಿಸ್ರಿ!"

ಮಗಳೊಬ್ಬಳು ಮಾತ್ರ ನನ್ನ ಮುಖ ಹತ್ತಿರದಿಂದ ನೋಡಿದಳು. ಮೂಗು ಒಣಗೇ ಇತ್ತು. "ಅಪ್ಪಾ..." ಅಂದವಳೇ ಹೋ ಎಂದು ಅಳತೊಡಗಿದಳು.

ಎರಡನೇ ಸಲ ಒಪ್ಪಿಸಿದ್ದೇ ವಿಡಿಯೋದಲ್ಲಿರುವುದು. ನಾನು ಕಲ್ಲಿನಂತೆ ನಿಂತಿದ್ದೇನೆ, ಮಗಳು ಬಿಕ್ಕುತ್ತಿದ್ದಾಳೆ. ಹಿಂದಿನಿಂದ ಬೀಗರ ಮನೆ ಅಜ್ಜಿಯ ದನಿ ಸ್ಪಷ್ಟವಾಗಿ ಕೇಳುತ್ತದೆ:

"ಪಾಪ, ಅಪ್ಪನ ಮೂಗು ಮಗಳಿಗೂ ಬಂದೈತೆ. ಆ ಪಿಚಕಾರಿ ಈಕಿಗೂ ಒಂದೆರಡು ಹೊಡೀರೇ!"