ಮಲ್ಕಪ್ಪನ ಗಾಡಿಯ ನಡುಕ

ಭಾಗ್ಯವಂತಿ ತಾಯಿಯ ನೈವೇದ್ಯಕ್ಕೆಂದು ಕಟ್ಟಿಕೊಂಡ ಶೇಂಗಾ ಹೋಳಿಗೆ ಜೇವರ್ಗಿಯಿಂದ ಘತ್ತರಗಿ ಮುಟ್ಟುವಷ್ಟರಲ್ಲಿ ಪುಡಿಪುಡಿಯಾಗಿ ಶೇಂಗಾ ಹಿಂಡಿಯಾಗಿತ್ತು. ಡಬ್ಬಿ ತೆರೆದ ಶೈಲಶ್ರೀ ಗುಡಿಯ ಮೆಟ್ಟಿಲ ಮೇಲೆ ನಿಂತು ಒಮ್ಮೆ ಡಬ್ಬಿಯನ್ನೂ ಒಮ್ಮೆ ಗಂಡನನ್ನೂ ನೋಡಿದಳು. ಏನೂ ಅನ್ನಲಿಲ್ಲ. ಹೆಂಡತಿ ಬೈದರೆ ಮಲ್ಕಪ್ಪನಿಗೆ ಅಭ್ಯಾಸವಿತ್ತು. ಏನೂ ಅನ್ನದಿದ್ದರೆ ಎದೆ ಡವಡವ ಅನ್ನುತ್ತಿತ್ತು.

ತಪ್ಪು ಗಾಡಿಯದು. ಜೇವರ್ಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಮಲ್ಕಪ್ಪ, ಹೈದರಾಬಾದಿನ ಯಾವುದೋ ನವಾಬರ ಹಳೇ ದೇವಡಿ ಬಂಗಲೆಯಲ್ಲಿ ಕೋಳಿಗಳ ವಾಸಸ್ಥಾನವಾಗಿದ್ದ ಕೆಂಪು ವಿಲಾಯತಿ ಕಾರೊಂದನ್ನು ಲಾರಿಯ ಮೇಲೆ ಹೇರಿಕೊಂಡು ಬಂದಿದ್ದ. ಮೇಲೆ ಟಾಪಿಲ್ಲ, ಸೀಟು ಎರಡೇ, ನೆಲಕ್ಕೆ ಎಷ್ಟು ಹತ್ತಿರವೆಂದರೆ ಕೂತವರು ಬೀದಿನಾಯಿಗಳ ಮುಖಕ್ಕೆ ಮುಖ ಕೊಟ್ಟು ಹೋಗಬೇಕು. ವೇಗ ತುಸು ಏರಿದರೆ ಸಾಕು, ಗಾಡಿಗೆ ಚಳಿಜ್ವರ ಬಂದಂತೆ ಮೈತುಂಬ ನಡುಕ. ಆದರೂ ಅದರ ಸ್ಟೇರಿಂಗ್ ಹಿಡಿದಾಗ ಮಾತ್ರ ಮಲ್ಕಪ್ಪನಿಗೆ ತಾನೂ ಒಬ್ಬ ಗಂಡಸು ಅನ್ನಿಸುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳು, ಮನೆಯಲ್ಲಿ ತಾಯಿ ಮತ್ತು ಹೆಂಡತಿ, ಓಣಿಯಲ್ಲಿ ಎಲ್ಲರೂ ಅವನಿಗೆ ಹುಕುಂ ಮಾಡುವವರೇ. ಅವನ ಮಾತು ಕೇಳಿ ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ ಹೊರಳುವುದು ಲೋಕದಲ್ಲಿ ಅದೊಂದೇ.

ದಿನಾ ಸ್ಕೂಟಿಯ ಮೇಲೆ ಇಜೇರಿಯ ಶಾಲೆಗೆ ಹೋಗಿ ಪಾಠ ಹೇಳುವ ಶೈಲಶ್ರೀ ಮನೆಗೆ ಬಂದವಳೇ ಎಲ್ಲಿಗೋ ಫೋನು ಮಾಡಿ ಮುಗಿಸಿದಳು.

“ಕಲಬುರಗಿ ಮುಜೀಬ ಸಾಹೇಬ್ರು ನಾಳಿ ಬರ್ತಾರ್ರಿ. ಅವ್ರಿಗಿ ಹಳೇ ಗಾಡಿ ಕೂಡಸೋ ಶೋಕಿ ಅದ. ನಿಮ್ಮ ಗಾಡಿ ನೋಡಿ ಒಯ್ತಾರ.”

‘ನಾ ಮಾರಂಗಿಲ್ಲ’ ಎಂದು ಗುಡುಗಬೇಕೆಂದು ಮಲ್ಕಪ್ಪ ಬಾಯಿ ತೆರೆದ. ಹೊರಗೆ ಬಂದದ್ದು, “ಚಾ ಮಾಡ್ಲೇನು?”

“ಮಾಡ್ರಿ. ಮತ್ತ, ನಡುಗೋ ಗಾಡಿ ಯಾರು ತಗೋತಾರ? ಮುಂಜಾನಿ ಬಂದು ನಡುಕ ತೆಗಿ ಅಂತ ಬುರಾನುದ್ದೀನಗ ಹೇಳೇನಿ.”

ನಡುಗುವ ಗಾಡಿ ಯಾರು ತಗೋತಾರೆ! ಚಹಾ ಕುದಿಯುವಷ್ಟರಲ್ಲಿ ಮಲ್ಕಪ್ಪನ ತಲೆಯಲ್ಲಿ, ಮದುವೆಯಾದಾಗಿನಿಂದ ಮೊದಲ ಬಾರಿಗೆ, ಹೆಂಡತಿಯ ವಿರುದ್ಧ ಒಂದು ಉಪಾಯ ಹುಟ್ಟಿತು.

ಮರುದಿನ ಐತವಾರ. ಮೆಕ್ಯಾನಿಕ್ ಬುರಾನುದ್ದೀನ ಅಂಗಳದಲ್ಲಿ ಪರಸಿ ಕಲ್ಲಿನ ಚಪ್ಪಡಿ ಒಟ್ಟಿ, ಗಾಡಿಯನ್ನು ಅವುಗಳ ಮೇಲೆ ನಿಲ್ಲಿಸಿ ಕೆಳಗೆ ನುಸುಳಿದ. ಓಣಿಗೆ ಓಣಿಯೇ ಸೇರಿತು. ನಿವೃತ್ತ ಬಸ್ ಡ್ರೈವರ್ ಗುರಣ್ಣ ಕಾಕಾ ಗಾಡಿಯನ್ನು ಮುಟ್ಟದೆಯೇ, “ಗಾಲಿಗೆ ಗಾಳಿ ಕಮ್ಮಿ ಅದ” ಎಂದರು. ಗಾಲಿಗಳನ್ನು ಬಿಚ್ಚಿ ಆಗಲೇ ಗೋಡೆಗೆ ಒರಗಿಸಲಾಗಿತ್ತು. ವಿಮಾ ಏಜೆಂಟ್ ಧಮ್ಮಪಾಲ ಮೊಬೈಲಿನಲ್ಲಿ ವಿಡಿಯೊ ಹಚ್ಚಿಕೊಂಡು ಬಂದ.

“ಇದಕ್ಕೆಲ್ಲಾ ಲೇಸರ್ ಬೇಕ್ರಿ. ಅಮೆರಿಕಾದಾಗ ಲೇಸರ್ ಇಲ್ದ ನಟ್ಟು ಸೈತ ಬಿಚ್ಚಂಗಿಲ್ಲ.” ಪಾಲಿಸಿ ವಿವರಿಸುವಾಗ ಬಳಸುವ ಕೆಂಪು ಬೆಳಕಿನ ಪೆನ್ನನ್ನು ಹೊರತೆಗೆದು ಗಾಡಿಯ ಹೊಟ್ಟೆಯ ಕೆಳಗೆ ಬಿಟ್ಟ. ಅದು ನೇರವಾಗಿ ಬುರಾನುದ್ದೀನನ ಕಣ್ಣಿಗೆ ಬಿತ್ತು. ಅವನ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿತು, ಕೆಳಗಿನಿಂದ ಒಂದೆರಡು ಉರ್ದು ಮಾತು ಬಂದವು. ಧಮ್ಮಪಾಲ ಪೆನ್ನು ಜೇಬಿಗಿಟ್ಟುಕೊಂಡ.

ಬುರಾನುದ್ದೀನ ಉದ್ದನೆಯ ಶಾಫ್ಟನ್ನು ಹೊರಗೆಳೆದು, ನಡುವಿನ ಜೋಡಣೆ ಬಿಚ್ಚಿ ಎರಡು ತುಂಡು ಮಾಡಿ ಗೋಣಿಚೀಲದ ಮೇಲೆ ಮಲಗಿಸಿದ. ಮಲ್ಕಪ್ಪ ಮೆಲ್ಲಗೆ ಪಕ್ಕದಲ್ಲಿ ಕೂತ.

“ಇದರಾಗ ನಡುಕ ಎಲ್ಲಿಂದ ಬರ್ತದ, ಬುರಾನ್ ಭಾಯಿ?”

“ನೋಡ್ರಿ ಸಾವಕಾರ್ರ, ಇಂಜಿನ್ ಜೋರು ಹಿಂದಿನ ಗಾಲಿಗಿ ಒಯ್ಯೋದು ಈ ಶಾಫ್ಟು. ಇದರ ಎರಡೂ ತುದಿಗಿ ಎರಡೆರಡು ಕಿವಿ ಅವ. ಈ ತುದಿ ಕಿವಿ ಹ್ಯಾಂಗ ಅದನೋ ಆ ತುದಿ ಕಿವಿನೂ ಹಂಗೇ ಸೀದಾ ಇರಬೇಕು. ಯಾವನೋ ನಡುವಿನ ಹಲ್ಲು ತಪ್ಪಿಸಿ ವಾರಿ ಕೂಡಸ್ಯಾನ, ಅದಕ್ಕ ನಡಗಾಕತ್ತದ. ಸೀದಾ ಮಾಡಿದ್ರ ಮುಗೀತು.”

“ಸೀದಾ ಮಾಡಬ್ಯಾಡ,” ಮಲ್ಕಪ್ಪ ಪಿಸುಗುಟ್ಟಿದ. “ಇನ್ನೊಂದೆರಡು ಹಲ್ಲು ವಾರಿ ಮಾಡು. ಮುಜೀಬ ಸಾಹೇಬ್ರ ಹಲ್ಲು ಕಟಕಟ ಅನ್ನಬೇಕು.”

“ತೋಬಾ ತೋಬಾ! ಅಕ್ಕೋರು ನಡುಕ ತೆಗಿ ಅಂದಾರ, ನೀವು ಹಾಕು ಅಂತೀರಿ. ನಾ ಯಾರ ಮಾತು ಕೇಳಲಿ?”

“ಭಾಯಿ, ಈ ಗಾಡಿ ಹೋದ್ರ ನಂದು ಅಂತ ಏನೂ ಉಳ್ಯಂಗಿಲ್ಲ.” ಮಲ್ಕಪ್ಪನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಬುರಾನುದ್ದೀನನ ಮನಸ್ಸು ಕರಗಿತು. ತಂಬಾಕಿನ ಸುಣ್ಣದ ಡಬ್ಬಿ ತೆಗೆದು ಎರಡೂ ತುಂಡಿನ ಮೇಲೆ ಒಂದೊಂದು ಗೆರೆ ಎಳೆದ. ಗೆರೆಗೆ ಗೆರೆ ಕೂಡಿಸಿದರೆ ಶಾಫ್ಟು ಮೊದಲಿಗಿಂತ ವಾರೆಯಾಗಬೇಕು, ಹಾಗೆ. “ನಮಾಜು ಮುಗಿಸಿ ಬಂದು ಕೂಡಸ್ತೀನಿ, ಯಾರಿಗೂ ಅನುಮಾನ ಬರಂಗಿಲ್ಲ” ಎಂದು ಮಸೀದಿಗೆ ಹೊರಟ. ಮಲ್ಕಪ್ಪ ನೆಮ್ಮದಿಯಾಗಿ ಒಳಗೆ ಹೋಗಿ ಊಟಕ್ಕೆ ಕೂತ.

ಆಗ ಹೊರಗೆ ಬಂದವಳು ಮಲ್ಕಪ್ಪನ ತಾಯಿ ಗುರುಬಾಯಿ. ಮನೆಯ ನೇಗಿಲಿರಲಿ, ಮಿಕ್ಸರಿರಲಿ, ವಿಭೂತಿ ಹಚ್ಚದೆ ಚಾಲೂ ಮಾಡಲು ಬಿಡದ ಮುದುಕಿ. ಗೋಣಿಚೀಲದ ಮೇಲಿನ ಕಬ್ಬಿಣದ ಮೇಲೆ ಬಿಳಿ ಗೆರೆ ಕಂಡು ಅವಳಿಗೆ ಹೃದಯ ತುಂಬಿ ಬಂತು.

“ಅಯ್ಯ, ಬುರಾನ ನಮ್ಮ ಪದ್ಧತಿ ಮರ್ತಿಲ್ಲ ನೋಡು. ಆದ್ರ ಒಂದೇ ಗೆರಿ ಹಚ್ಯಾನ. ಪಾಪ, ಅವಂಗೇನು ತಿಳೀತದ!”

ಒದ್ದೆ ಸೆರಗಿನಿಂದ ಸುಣ್ಣವನ್ನು ಚೊಕ್ಕಟವಾಗಿ ಒರೆಸಿದಳು. ಕಿವಿ ಇದ್ದ ಮೇಲೆ ಹಣೆ ಇರಲೇಬೇಕಲ್ಲ? ಒಂದೊಂದು ತುಂಡಿನಲ್ಲೂ ಎರಡು ಕಿವಿಗಳ ನಟ್ಟನಡುವೆ ಹಣೆಯನ್ನು ಗೊತ್ತುಮಾಡಿ, ಮೂರು ಬೆರಳಿನ ವಿಭೂತಿ ಎಳೆದಳು. ಗುರಣ್ಣ ಕಾಕಾ ಕಾಯಿ ಒಡೆದರು. ಧಮ್ಮಪಾಲ ವಿಡಿಯೊ ಮಾಡಿಕೊಂಡ.

ಬುರಾನುದ್ದೀನ ಬಂದು ಗೋಣಿಚೀಲದ ಮುಂದೆ ಕೂತು ತನ್ನ ಸುಣ್ಣದ ಗೆರೆ ಹುಡುಕಿದ. ಗುರುತು ಎಲ್ಲಿ? ವಿಭೂತಿ ಒರೆಸಲು ಅವನ ಕೈ ಬರಲಿಲ್ಲ. ಅಂದಾಜಿನ ಮೇಲೆ ವಾರೆಯಾಗಿ ಕೂಡಿಸಲು ಹೋದ.

“ಏ ಬುರಾನಾ!” ಗುರುಬಾಯಿ ಆರತಿ ತಟ್ಟೆ ಹಿಡಿದೇ ಗದರಿದಳು. “ಕಣ್ಣು ಕಾಣಂಗಿಲ್ಲೇನು? ಈ ಹಣಿ ಒಂದು ಕಡಿ, ಆ ಹಣಿ ಒಂದು ಕಡಿ ಮಾಡಾಕತ್ತಿ. ಹಣಿಗಿ ಹಣಿ ಸೀದಾ ಬರ್ಲಿ!”

“ಸೀದಾ ಬರ್ಲಿ, ಸೀದಾ ಬರ್ಲಿ!” ಓಣಿಯವರೂ ಕೂಗಿದರು. ಅವರ ಹಿಂದೆ ನಿಂತು ಮಲ್ಕಪ್ಪ ಎಂಜಲು ಕೈಯಲ್ಲೇ ‘ವಾರೆ, ವಾರೆ’ ಎಂದು ಸನ್ನೆ ಮಾಡಿದ. ಪಕ್ಕದಲ್ಲೇ ನಿಂತಿದ್ದ ಶೈಲಶ್ರೀ ತಿರುಗಿ ನೋಡಿದ್ದರಿಂದ ಆ ಸನ್ನೆ ನೊಣ ಹೊಡೆಯುವುದಾಗಿ ಮುಗಿಯಿತು. ಬುರಾನುದ್ದೀನ ಹಣೆಗೆ ಹಣೆ ಕೂಡಿಸಿ, ಶಾಫ್ಟು ಏರಿಸಿ, ಗಾಲಿ ಹಾಕಿದ. ಮಲ್ಕಪ್ಪನ ಕಿವಿಯಲ್ಲಿ ಹೇಳಿದ: “ಸಾವಕಾರ್ರ, ಕೆಲ್ಸ ಕೆಟ್ಟತು. ಪೂರಾ ಸೀದಾ ಕುಂತದ.”

ಅಷ್ಟರಲ್ಲಿ ಮುಜೀಬ ಸಾಹೇಬರು ಬಂದರು. ಬಿಳಿ ಸಫಾರಿ, ಕಪ್ಪು ಕನ್ನಡಕ, ಅತ್ತರಿನ ವಾಸನೆ. ಮಲ್ಕಪ್ಪನನ್ನು ಪಕ್ಕಕ್ಕೆ ಕೂಡಿಸಿಕೊಂಡು ತಾವೇ ಗಾಡಿಯನ್ನು ಯಡ್ರಾಮಿ ರಸ್ತೆಗೆ ಬಿಟ್ಟರು. ವೇಗ ಏರಿತು. ಮಲ್ಕಪ್ಪ ಕಣ್ಣು ಮುಚ್ಚಿ ನಡುಕಕ್ಕಾಗಿ ಭಾಗ್ಯವಂತಿಯನ್ನು ಬೇಡಿಕೊಂಡ. ಗಾಡಿ ಕಾಲುವೆಯ ನೀರಿನಂತೆ ಹರಿಯುತ್ತಿತ್ತು. ಇಷ್ಟು ದಿನ ತನಗೆ ಕೊಡದ ಸುಖವನ್ನು ಹೋಗುವ ಹೊತ್ತಿನಲ್ಲಿ ಕೊಡುತ್ತಿದೆಯಲ್ಲ ಎಂದು ಅವನು ಗಾಡಿಯ ಬಾಗಿಲನ್ನು ಮೆಲ್ಲಗೆ ಸವರಿದ.

ತಿರುಗಿ ಬಂದು ಇಳಿದ ಸಾಹೇಬರ ಮುಖ ಮಾತ್ರ ಹುಳ್ಳಗಾಗಿತ್ತು.

“ಬೇಗಂ ಸಾಹೇಬಾ, ಇದು ಅಸಲಿ ಮಾಲು ಅಲ್ರಿ.”

“ಯಾಕ್ರಿ? ಒಂಚೂರೂ ನಡಗಂಗಿಲ್ಲಲ್ರಿ!” ಎಂದಳು ಶೈಲಶ್ರೀ.

“ಅದೇ ನಾನೂ ಹೇಳೋದು. ಈ ಕಂಪನಿ ಗಾಡಿ ಎಲ್ಲೆಲ್ಲಿ ನೋಡೇನಿ, ಎಲ್ಲಾ ನಡಗತಾವ. ಅದೇ ಅವುಗಳ ಖಾನದಾನಿ ಗುರ್ತು. ಇದರ ಹೊಟ್ಟಿಯಾಗ ಯಾರೋ ಹೊಸಾ ಸಾಮಾನು ತುಂಬ್ಯಾರ. ನನ್ನಂಥಾ ಶೋಕೀನ್ ಮನುಷ್ಯಾಗೇ ಧೋಕಾ ಮಾಡ್ತೀರೇನು?” ಸಾಹೇಬರು ಚಹಾ ಸಹ ಕುಡಿಯದೆ ಹೊರಟುಹೋದರು.

ಮಲ್ಕಪ್ಪನಿಗೆ ಕುಣಿಯಬೇಕೆನ್ನಿಸಿತು. ಗಾಡಿ ಉಳಿಯಿತು! ನಡುಕವೂ ಹೋಯಿತು! ತಾಯಿಯ ಕಾಲು ಮುಟ್ಟಿ ನಮಸ್ಕರಿಸಿದ. ಬುರಾನುದ್ದೀನನನ್ನು ತಬ್ಬಿಕೊಂಡು ಅಂಗಿಗೆಲ್ಲ ಗ್ರೀಸು ಮಾಡಿಕೊಂಡ.

ಅವನು ತಿರುಗುವಷ್ಟರಲ್ಲಿ ಗಾಡಿ ಚಾಲೂ ಆಯಿತು. ಸ್ಟೇರಿಂಗ್ ಹಿಂದೆ ಶೈಲಶ್ರೀ ಕೂತಿದ್ದಳು. ಮದುವೆಗೆ ಮುಂಚೆ ತವರಿನ ಜೀಪು ಓಡಿಸಿದವಳು. ಓಣಿಯ ತುದಿಯವರೆಗೆ ಹೋಗಿ, ಅಲ್ಲಿಂದ ಹಿಮ್ಮುಖವಾಗಿಯೇ ಮನೆಯ ಮುಂದೆ ತಂದು ನಿಲ್ಲಿಸಿದಳು. ಓಣಿ ಚಪ್ಪಾಳೆ ತಟ್ಟಿತು. ಗುರುಬಾಯಿ ಸೆರಗು ಸರಿಮಾಡಿಕೊಂಡು ಪಕ್ಕದ ಸೀಟಿನಲ್ಲಿ ಕೂತುಬಿಟ್ಟಳು.

“ಇನ್ನ ಇದನ್ನ ಮಾರೋದು ಬ್ಯಾಡ್ರಿ,” ಎಂದಳು ಶೈಲಶ್ರೀ. “ನಾಳಿಯಿಂದ ಇಜೇರಿ ಸಾಲಿಗಿ ನಾ ಇದರಾಗೇ ಹೋಗ್ತೇನಿ. ಅಮಾಸಿಗೊಮ್ಮಿ ಅತ್ತೀನ ಘತ್ತರಗಿಗಿ ಕರಕೊಂಡು ಹೋಗ್ತೇನಿ. ಕೀಲಿ ನನ್ನ ಕಡಿ ಇರ್ಲಿ.”

“ಮತ್ತ... ನಾ?”

“ನನ್ನ ಸ್ಕೂಟಿ ಅದಲ್ರಿ.”

“ಅದು ಬಾಳ ನಡಗತದ, ಶೈಲಾ,” ಮಲ್ಕಪ್ಪನ ದನಿಯೇ ನಡುಗಿತು.

“ನಿಮಗ ರೂಢಿ ಅದಲ್ರಿ,” ಎಂದು ಶೈಲಶ್ರೀ ಗಾಡಿಯನ್ನು ಮುಂದಕ್ಕೆ ಬಿಟ್ಟಳು.