ಹರಕೆ ಅವಳದು, ಕಾಲು ನನ್ನದು

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆಗಳಿವೆ. ಬಿ.ಪಿ., ಶುಗರ್ ಎಂದರೆ ಜನ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ನನ್ನದು ಆ ಜಾತಿಯದಲ್ಲ. ನೆಟ್ಟಗೆ ನಿಂತಿದ್ದವನಿಗೆ ಇದ್ದಕ್ಕಿದ್ದಂತೆ ನೆಲ ವಾಲುತ್ತದೆ, ಹೊಟ್ಟೆ ತೊಳಸುತ್ತದೆ, ಎಡಗಿವಿಯಲ್ಲಿ ಕುಕ್ಕರ್ ಕೂಗುವುದಕ್ಕೆ ಮುಂಚಿನ ಸುಂಯ್ ಶಬ್ದ ಶುರುವಾಗುತ್ತದೆ. ಮೊದಮೊದಲು ಆ ಶಬ್ದ ಹೊಸದಾಗಿ ಬಂದಿದ್ದ ಕೇಬಲ್ ಟೀವಿಯದೆಂದು ಪ್ಲಗ್ ಕಿತ್ತೆ. ಟೀವಿ ಸುಮ್ಮನಾಯಿತು, ಕಿವಿ ಸುಮ್ಮನಾಗಲಿಲ್ಲ. ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ, ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಗೋಡೆ ಹಿಡಿದು ಬರುತ್ತಿದ್ದ ನನ್ನನ್ನು ಕಂಡು, "ಕೊರಳಲ್ಲಿ ಲಿಂಗ ಬೇರೆ, ಕುಡಿಯೋದು ನೋಡಿ!" ಎಂದು ಎದುರುಮನೆಯಾಕೆ ನಿಟ್ಟುಸಿರು ಬಿಟ್ಟಿದ್ದೂ ಉಂಟು. ಅದು ಕೇಳಿಸಿದ್ದು ಬಲಗಿವಿಗೆ. ಎಡಗಿವಿ ಆಗಲೇ ಅರ್ಧ ರಾಜೀನಾಮೆ ಕೊಟ್ಟಿತ್ತು.

"ಒಳಗಿವಿಯಲ್ಲಿ ನೀರು ಜಾಸ್ತಿಯಾಗಿದೆ, ಉಪ್ಪು ಕಡಿಮೆ ಮಾಡಿ. ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ" ಎಂದರು ಡಾಕ್ಟರು, ನೆಂಟರ ವಿಷಯ ಹೇಳುವ ಹಾಗೆ. ನನ್ನ ಹೆಂಡತಿ ಗಿರಿಜೆಗೆ ಆ 'ಮತ್ತೆ ಬರುತ್ತೆ' ಸಹಿಸಲಾಗಲಿಲ್ಲ. ಮನೆಗೆ ಬಂದವಳೇ ತಾರಸಿ ಹತ್ತಿ, ಬೆಟ್ಟದ ಕಡೆ ಕೈಮುಗಿದು, "ತಾಯಿ ಚಾಮುಂಡಿ, ಇವರ ತಲೆಸುತ್ತು ನಿಂತರೆ ಸಾವಿರ ಮೆಟ್ಲೂ ಹತ್ಕೊಂಡು ಬಂದು ನಿನ್ನ ದರ್ಶನ ಮಾಡ್ತಾರೆ" ಎಂದುಬಿಟ್ಟಳು.

"ಹರಕೆ ನಿಂದು, ಕಾಲು ನಂದಾ?"

"ಮತ್ತೆ ತಲೆ ಯಾರ್ದು ಕಣ್ರೀ?"

ನನ್ನದೇ ತಲೆಯನ್ನು ಹಿಡಿದುಕೊಂಡು ತಾರಸಿ ಇಳಿದೆ.

ಆ ಬೇಸಿಗೆ ಪೂರ್ತಿ ತಲೆ ಸುತ್ತಲಿಲ್ಲ. ಸಂತೋಷಪಡಬೇಕಾದದ್ದು ನ್ಯಾಯ. ನನಗೋ ಹೊಸ ಫಜೀತಿ. ವಾಸಿಯಾಯಿತು ಎಂದರೆ ಬೆಟ್ಟ ಹತ್ತಬೇಕು. ನಡುವೆ ನೆಲ ವಾಲಿದರೆ, ಹತ್ತಿದಷ್ಟನ್ನೂ ಉರುಳಿಕೊಂಡೇ ಇಳಿಯಬೇಕು. ವಾಸಿಯಾಗಲಿಲ್ಲ ಎಂದರೆ ಸಪ್ಪೆ ಸಾರೇ ಗತಿ. ಅದಕ್ಕಿಂತ ಹೆಚ್ಚಾಗಿ, ಹೋಯಿತು ಎಂದು ಬಾಯಿಬಿಟ್ಟ ಗಳಿಗೆಯಲ್ಲೇ ಅದು ವಾಪಸು ಬಂದೀತೆಂದು ನನಗೆ ನಿಜವಾಗಿಯೂ ಭಯವಿತ್ತು. ಗಿರಿಜೆ ಮಾತ್ರ ಬೆಳಗಾದರೆ ನನ್ನ ಮುಖ ನೋಡಿ, "ಅಮ್ಮನ ಹರಕೆ ಬಾಕಿ ಇಟ್ಕೋಬಾರ್ದು ಕಣ್ರೀ" ಎನ್ನುವಳು. ಕೊನೆಗೊಂದು ದಿನ "ಹೂಂ, ನಿಂತಿದೆ" ಎಂದೆ.

ಮಂಗಳವಾರ ಬೆಳಗ್ಗೆ ಹೊರಟೆವು. ನಂದಿ ಕಾಣಿಸುವವರೆಗೂ ಚೆನ್ನಾಗಿಯೇ ಇದ್ದೆ. ಊರವರೆಲ್ಲ ನಂದಿಗೆ ಪ್ರದಕ್ಷಿಣೆ ಹಾಕುತ್ತಾರೆ. ಆ ದಿನ ನಂದಿಯೇ ನನಗೆ ಪ್ರದಕ್ಷಿಣೆ ಹಾಕತೊಡಗಿತು. ಕುಸಿದು ಕೂತು ಮೆಟ್ಟಿಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಹಿಂದಿನಿಂದ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತಾ ಬರುತ್ತಿದ್ದ ಅಜ್ಜಿಯೊಬ್ಬರು, "ಏಳಪ್ಪ, ಈ ಮೆಟ್ಲು ಬುಟ್ಟೋಯ್ತದೆ" ಎಂದರು.

"ಏಳಕ್ಕಾಗಲ್ಲ ಕಣಮ್ಮ, ತಲೆಸುತ್ತು" ಎಂದಳು ಗಿರಿಜೆ, ನನ್ನ ಭುಜ ಹಿಡಿದುಕೊಂಡು.

ಅಜ್ಜಿ ತಡಮಾಡಲಿಲ್ಲ. ನನ್ನ ಮೊಣಕಾಲಿಗೇ ಅರಿಶಿನ ಕುಂಕುಮ ಇಟ್ಟು ಮುಂದಿನ ಮೆಟ್ಟಿಲಿಗೆ ಹೋದರು.

ಸುತ್ತು ಇಳಿದ ಮೇಲೆ ನನ್ನನ್ನು ನಂದಿಯ ಹತ್ತಿರದ ಎಳನೀರಿನವನ ಕೊಡೆಯ ನೆರಳಲ್ಲಿ ಕೂರಿಸಿ, ಗಿರಿಜೆ ಒಬ್ಬಳೇ ಮೇಲಕ್ಕೆ ಹೋದಳು. ಬಿಸಿಲೇರಿದ ಮೇಲೆ ಕಾಲೆಳೆದುಕೊಂಡು ಬಂದಳು. ನನಗೆ ಕೊಂಕು ಮಾತು ತಡೆಯಲಾಗಲಿಲ್ಲ. "ಏನು ಹೇಳ್ಕೊಂಡೆ? ಮತ್ತೆ ನನ್ನ ಕಾಲನ್ನೇ ಒಪ್ಪಿಸಿ ಬಂದ್ಯಾ?"

ಅವಳು ನನ್ನ ಬಲಕ್ಕೆ ಕೂತಳು. "ಹರಕೆ ಬದಲಾಯ್ಸಿ ಬಂದೆ ಕಣ್ರೀ. ತಲೆ ಸುತ್ತಿದ್ರೆ ಸುತ್ಲಿ, ಆ ಹೊತ್ತಲ್ಲಿ ನಾನು ಇವರ ಪಕ್ಕದಲ್ಲೇ ಇರೋ ಹಂಗೆ ಮಾಡವ್ವ, ವರ್ಷಾ ವರ್ಷಾ ನಾನೇ ಹತ್ಕೊಂಡು ಬರ್ತೀನಿ ಅಂದೆ."

ಒಂದಕ್ಷರವೂ ಬಿಡದೆ ಕೇಳಿಸಿತು. ಆದರೂ ಆಸೆ ನೋಡಿ, ಇನ್ನೊಂದು ಸಲ ಹೇಳಲಿ ಎಂದು ಕಿವಿಗೆ ಕೈ ಆನಿಸಿ, "ಆಂ? ಏನಂದೆ?" ಎಂದೆ.

"ಕೇಳಿಸ್ದಿದ್ರೆ ಬುಡಿ. ಅಮ್ಮನೋರಿಗೆ ಕೇಳಿಸ್ತಲ್ಲ, ಸಾಕು" ಎಂದು ಎದ್ದು ಆಟೋ ಕರೆದಳು.

ಬೇರೆ ದಾರಿಯಿರಲಿಲ್ಲ. ಮನೆ ಸೇರುವವರೆಗೂ ಎರಡೂ ಕಿವಿ ಕಿವುಡಾದವನ ಹಾಗೆ ಅವಳ ಪಕ್ಕದಲ್ಲಿ ಕೂತಿದ್ದೆ.