ಪೊರಕೆ ಸಿಗುವವರೆಗೆ ಅಕ್ಕನವರನ್ನು ಕುರ್ಚಿಯಿಂದ ಎಬ್ಬಿಸತಕ್ಕದ್ದಲ್ಲ

ಸಂಖ್ಯೆ: ಹಬ್ಬ/ಕಸ/ಪೊರಕೆ-ನಾಪತ್ತೆ/೩

ಸುತ್ತೋಲೆ

ವಿಷಯ: ನಾನಾ ದೇಶಗಳ ಪದ್ಧತಿಯಂತೆ ಕಚೇರಿಯಲ್ಲಿ ಕ್ರಿಸ್‌ಮಸ್ ಆಚರಿಸಿದ್ದರಿಂದ ಉದ್ಭವಿಸಿರುವ ಕಸದ ಕುರಿತು.

ಉಲ್ಲೇಖ: ೧) ಪ್ರತಿ ಶಾಖೆಯೂ ಒಂದೊಂದು ದೇಶದಂತೆ ಹಬ್ಬ ಆಚರಿಸತಕ್ಕದ್ದೆಂಬ ಈ ಕಚೇರಿಯ ಹಿಂದಿನ ಸುತ್ತೋಲೆ.
೨) ಅದು ಯಾರ ತಲೆಯಲ್ಲಿ ಹುಟ್ಟಿದ ಯೋಚನೆಯೆಂದು ಕೇಳಿ ಬಂದ ಮೌಖಿಕ ದೂರುಗಳು.

ಉಲ್ಲೇಖ (೧)ರಂತೆ ಶಾಖೆಗಳಿಗೆ ದೇಶಗಳನ್ನು ಹಂಚಲಾಗಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗಿರುವುದು ಗಮನಕ್ಕೆ ಬಂದಿರುವುದರಿಂದ ಕೆಳಕಂಡಂತೆ ಸೂಚಿಸಲಾಗಿದೆ.

೧. ಉಕ್ರೇನ್ ಪಾಲಿಗೆ ಬಂದ ದಾಖಲೆ ಶಾಖೆಯು ಅಲ್ಲಿಯ ಪದ್ಧತಿಯಂತೆ ಕ್ರಿಸ್‌ಮಸ್ ಮರಕ್ಕೆ ಜೇಡರ ಬಲೆಯ ಅಲಂಕಾರ ಮಾಡಬೇಕಿತ್ತು. ಬದಲಿಗೆ ಮರವನ್ನೇ ಕಪಾಟಿನ ಹಿಂದೆ ತಳ್ಳಿ, ಅಲ್ಲಿ ಮೊದಲೇ ಇದ್ದ ಬಲೆಗಳನ್ನು ತೋರಿಸಿ ಬಹುಮಾನ ಪಡೆದಿದೆ. ಸದರಿ ಬಲೆಗಳು ಇಂದಿನಿಂದ ಅಲಂಕಾರವಲ್ಲ, ಕಸವೆಂದು ಪರಿಗಣಿಸಲ್ಪಡುತ್ತವೆ.

೨. ನೆದರ್‌ಲ್ಯಾಂಡ್ಸ್ ಪಡೆದ ಲೆಕ್ಕ ಶಾಖೆಯು ಅಲ್ಲಿ ಉಡುಗೊರೆ ತರುವ ಸಂತರ ಕುದುರೆಗೆಂದು ಶೂಗಳಲ್ಲಿ ಕ್ಯಾರೆಟ್ಟು, ಹುಲ್ಲು ತುಂಬಿ ಉಡುಗೊರೆಗಾಗಿ ಕಾದಿದೆ. ಅದು ಡಿಸೆಂಬರ್ ಮೊದಲ ವಾರದ ಪದ್ಧತಿಯೆಂದು ತಿಳಿಸಿದರೂ ಸಿಬ್ಬಂದಿ ಬರಿಗಾಲಲ್ಲೇ ಓಡಾಡುತ್ತಿದ್ದಾರೆ. ಗೈರುಹಾಜರಿಯ ಬಗ್ಗೆ ಕುದುರೆಯಿಂದ ಸಮಜಾಯಿಷಿ ಕೇಳಲಾಗಿದೆ. ಹುಲ್ಲು ಮೆಟ್ಟಿಲವರೆಗೂ ಹರಡಿದೆ.

೩. ವೆನೆಜುವೆಲಾದ ರಾಜಧಾನಿಯಲ್ಲಿ ಜನ ಗಾಲಿ ಶೂ ತೊಟ್ಟು ಪ್ರಾರ್ಥನೆಗೆ ಹೋಗುವರೆಂದು ತಿಳಿದ ರವಾನೆ ಶಾಖೆಯು ಗಾಲಿಯ ಮೇಲೆಯೇ ಟಪಾಲು ಹಂಚಿದೆ. ತುರ್ತು ಕಡತಗಳು ಮೊದಲ ಬಾರಿಗೆ ತುರ್ತಾಗಿ ತಲುಪಿದ್ದು, ಇದನ್ನು ಪೂರ್ವನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ.

೪. ನಾರ್ವೆಯನ್ನು ನಿರ್ದೇಶಕರು ತಮಗೇ ಇಟ್ಟುಕೊಂಡಿದ್ದರು. ಮಾಟಗಾತಿಯರು ಏರಿ ಹಾರಿಹೋಗದಂತೆ ಹಬ್ಬದ ಮುನ್ನಾದಿನ ಮನೆಯ ಪೊರಕೆ ಅಡಗಿಸುವುದು ಅಲ್ಲಿಯ ಹಳೆಯ ಪದ್ಧತಿ. ಅದರಂತೆ ಕಚೇರಿಯ ಎಲ್ಲ ಪೊರಕೆಗಳನ್ನೂ ಮಾನ್ಯರು ಸ್ವಹಸ್ತದಿಂದ ಅಡಗಿಸಿದ್ದು, ಎಲ್ಲೆಂಬುದು ಅವರಿಗೇ ನೆನಪಿಲ್ಲ. ಗೌಪ್ಯತೆಯನ್ನು ಇಷ್ಟು ಚೆನ್ನಾಗಿ ಕಾಪಾಡಿದ ನಿದರ್ಶನ ಈ ಕಚೇರಿಯಲ್ಲಿ ಇನ್ನೊಂದಿಲ್ಲ.

೫. ಪೋಲೆಂಡ್ ಪಡೆದ ಸಿಬ್ಬಂದಿ ಶಾಖೆಯು, ಅನಿರೀಕ್ಷಿತ ಅತಿಥಿಗೆಂದು ಊಟದ ಮೇಜಿನಲ್ಲಿ ಒಂದು ತಟ್ಟೆ, ಒಂದು ಕುರ್ಚಿ ಖಾಲಿ ಬಿಟ್ಟಿತ್ತು. ಆಗ ಪೊರಕೆ ಹುಡುಕುತ್ತ ಒಳಬಂದವರು ಕಚೇರಿ ಗುಡಿಸುವ ಅಕ್ಕನವರು. ಟೈಪಿಸ್ಟ್ "ಬನ್ನಿ ಅಕ್ಕ, ಕೂತ್ಕೊಳ್ಳಿ, ಇವತ್ತಿನ ಅತಿಥಿ ನೀವೇ" ಎಂದಿರುವುದೂ, ಅಕ್ಕನವರು "ಅಯ್ಯೋ, ನಾನು ಕೂತ್ರೆ ಗುಡಿಸೋರ್ಯಾರು ತಾಯಿ?" ಎಂದಿರುವುದೂ ದಾಖಲಾಗಿದೆ. ಟೈಪಿಸ್ಟ್ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಟ್ಟಿದ್ದಾರೆ. ಅಕ್ಕನವರು ಕುಳಿತು, ಬಿಸಿಬಿಸಿಯಾಗಿ ಉಂಡು, ಎರಡನೇ ಸಲ ಬಡಿಸಿಕೊಂಡು, ಕಾಲು ನೀಡಿದ್ದಾರೆ. ಇವರು ಕೂತಿದ್ದನ್ನು ಈ ಹಿಂದೆ ಕಚೇರಿಯಲ್ಲಿ ಯಾರೂ ಕಂಡಿಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿದೆ. ಇದು ನಾಚಿಕೆಗೇಡಿನ ಸಂಗತಿ. ಸದರಿ ನಾಚಿಕೆಯನ್ನು ಎಲ್ಲ ಶಾಖೆಗಳಿಗೂ ಸಮನಾಗಿ ಹಂಚಲಾಗಿದೆ.

೬. "ಹಬ್ಬ ಮುಗೀತಲ್ಲ, ಏಳಿಸ್ರಿ ಅವರನ್ನ" ಎಂಬ ಆಡಳಿತಾಧಿಕಾರಿಗಳ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಪೊರಕೆಯಿಲ್ಲದೆ ಗುಡಿಸುವವರಿಲ್ಲ; ಗುಡಿಸದಿರುವಷ್ಟು ಕಾಲ ಅವರು ಅತಿಥಿ; ಅತಿಥಿಯನ್ನು ಎಬ್ಬಿಸುವುದು ಯಾವ ದೇಶದ ಪದ್ಧತಿಯೂ ಅಲ್ಲ. ಪೊರಕೆ ಸಿಗುವವರೆಗೆ ಬಲೆ, ಹುಲ್ಲು, ಕ್ಯಾರೆಟ್ಟುಗಳನ್ನು ಅಧಿಕಾರಿಗಳೇ ಹಳೆಯ ಕಡತಗಳ ರಟ್ಟಿನಿಂದ ಗೋರಿ ತೆಗೆಯತಕ್ಕದ್ದು. ಸೊಂಟ ನೋವಿನ ಅರ್ಜಿಗಳನ್ನು ಪುರಸ್ಕರಿಸಲಾಗುವುದಿಲ್ಲ.

೭. ನಿರ್ದೇಶಕರ ಕಪಾಟಿನ ಬಾಗಿಲ ಸಂದಿಯಿಂದ ಇಣುಕುತ್ತಿರುವ ಕಡ್ಡಿಗಳನ್ನು ಕಂಡವರು, ಕಂಡಿಲ್ಲವೆಂದು ಭಾವಿಸತಕ್ಕದ್ದು. ಆ ಕಪಾಟಿನ ಬೀಗದ ಕೈಯನ್ನೂ ಮಾನ್ಯರು ಅಡಗಿಸಿದ್ದು, ಅದು ಎಲ್ಲಿದೆಯೆಂದು ಮಾತ್ರ ಅವರಿಗೆ ಚೆನ್ನಾಗಿ ನೆನಪಿದೆ.

(ಸಹಿ)
ನಿರ್ದೇಶಕರು
(ಬಲಗೈಯಲ್ಲಿ ಕಸದ ಮೊರವಿದ್ದುದರಿಂದ ಎಡಗೈ ಸಹಿ)

ಪ್ರತಿಗಳು:
ದಾಖಲೆ ಶಾಖೆಯ ಜೇಡಗಳಿಗೆ, ಮೂಲೆಯಲ್ಲಿ ಅಂಟಿಸುವ ಮೂಲಕ.
ಕುದುರೆಗೆ, ಬಂದಲ್ಲಿ.
ಆಡಳಿತಾಧಿಕಾರಿಗಳಿಗೆ, ರಟ್ಟಿನ ಸಮೇತ.
ಗುಡಿಸುವ ಅಕ್ಕನವರಿಗೆ, ಕೂತಲ್ಲಿಗೇ ತಲುಪಿಸುವುದು. ಓದಿದ ಮೇಲೆ ನೆಲಕ್ಕೆ ಎಸೆಯಬಹುದು, ನಿರ್ದೇಶಕರು ಎತ್ತುತ್ತಾರೆ.